ಗಂಟು ತಲುಪಿತ್ತು ಎಂದು ಹೇಳಿ

ಲೋಮಾ ತಿಂಬೊ, ಕೊರಿಯೆಂತೆಸ್
12 ನವೆಂಬರ್ 2006

ಮಾನ್ಯ ರುದೆಸಿಂದೊ ಅಕ್ವಿನೊ ಅವರಿಗೆ,

ನಾನು ಎರ್ಮೆಲಿಂದಾ ಒಹೇದಾ. ಶಾಲೆ ಮಕ್ಕಳ ಬಿಳಿ ಅಂಗಿ ಹೊಲಿಯುವವಳು. ನಿಮಗೆ ನನ್ನ ಗುರುತಿಲ್ಲ, ಇರಬೇಕಾದ್ದೂ ಇಲ್ಲ. ರೊಸಾರಿಯೊದ ನಿಮ್ಮ ಕಚೇರಿಗೆ ಫೋನ್ ಮಾಡಿದ್ದೆ. ಒಬ್ಬ ಹುಡುಗಿ ಬಹಳ ನಯವಾಗಿ "ಸಾಹೇಬ್ರು ಮೀಟಿಂಗಲ್ಲಿದ್ದಾರೆ" ಎಂದಳು. ಮಾರನೆಯ ದಿನವೂ ಮೀಟಿಂಗು. ಹಾಗಾದರೆ ಅಲ್ಲಿ ಮರಗೆಣಸಿನ ಚಿಪಾ ರೊಟ್ಟಿ ಬೇಯಿಸುವವರು ಯಾರಮ್ಮ ಎಂದು ಕೇಳೋಣ ಅನ್ನಿಸಿತು, ಬಾಯಿ ಬಿಗಿಹಿಡಿದೆ. ಅದಕ್ಕೇ ಈ ಪತ್ರ.

ಸನ್ಮಾನದ ವಿಷಯ ಮಾತಾಡಲು ಬರೆಯುತ್ತಿಲ್ಲ. ಬರುವ ಏಪ್ರಿಲ್ ಎರಡಕ್ಕೆ ಇಂಗ್ಲಿಷರ ಜೊತೆ ಯುದ್ಧ ನಡೆದು ಇಪ್ಪತ್ತೈದು ವರ್ಷ. ನಮ್ಮ ಮೇಯರ್ ಈಗಲೇ ಬ್ಯಾನರ್ ಬರೆಸಿಟ್ಟಿದ್ದಾರೆ: "ಮಾಲ್ವಿನಾಸ್ ದ್ವೀಪಗಳ ಯೋಧ, ಉದ್ಯಮದ ನಾಯಕ, ನಮ್ಮೂರಿನ ಅನ್ನದಾತ." ಅದರ ಅಂಚು ಮಡಿಸಿ ಹೊಲಿದವಳು ನಾನೇ. ನೀವು ಬರುವುದಿಲ್ಲ ಎಂದಿರಂತೆ. ಸುತ್ತಲಿನ ಮರಗೆಣಸನ್ನೆಲ್ಲ ನಿಮ್ಮ ಕಂಪನಿ ಕೊಳ್ಳುತ್ತದೆ, ಹಳೆಯ ಹತ್ತಿ ಗಿರಣಿಯಲ್ಲಿ ನಿಮ್ಮ ಹಿಟ್ಟಿನ ಕಾರ್ಖಾನೆ ನಡೆದು ಅರ್ಧ ಊರು ಉಣ್ಣುತ್ತದೆ, ಆದರೂ ನೀವು ಒಂದು ದಿನ ಇಲ್ಲಿ ಕಾಲಿಟ್ಟವರಲ್ಲ. ದೊಡ್ಡವರ ರೀತಿ ನಮಗೇನು ಗೊತ್ತು.

ನನ್ನ ಸಂಕಟ ಬೇರೆ. ಸನ್ಮಾನದ ಸುದ್ದಿ ಸಾರಲು ಮೇಯರ್ ಮನೆಮನೆಗೂ ನಿಮ್ಮ ಚಿಪಾ ಪೊಟ್ಟಣ ಹಂಚಿಸಿದರು. ನಮ್ಮ ಮನೆಯಲ್ಲಿ ಪೊಟ್ಟಣದ ಚಿಪಾ ತಿನ್ನುವುದಿಲ್ಲ. ಅಮ್ಮ ದೋನ್ಯಾ ಕ್ಲೋದೊಮಿರಾ ಕಣ್ಣು ಮಂಜಾಗುವ ತನಕ ಬಸ್‌ಸ್ಟ್ಯಾಂಡಿನಲ್ಲಿ ಬುಟ್ಟಿ ಹೊತ್ತು ಚಿಪಾ ಮಾರಿದವಳು. ಬೈಯಬೇಕೆಂದೇ ಒಂದು ತುಂಡು ಬಾಯಿಗಿಟ್ಟಳು. ಅಗಿದಳು, ನಿಲ್ಲಿಸಿದಳು, ಮತ್ತೆ ಅಗಿದಳು.

"ಲಿಂದಾ, ಇದು ಚೆತೊ ಮಾಡಿದ್ದು ಕಣೇ."

"ಯಾವ ಚೆತೊ ಅಮ್ಮ?"

"ನಾನೇನು ಹತ್ತು ಚೆತೊ ಹೆತ್ತಿದೀನಾ?"

ಚೆತೊ ಎಂದರೆ ಅನಿಸೇತೊ, ನನ್ನ ತಮ್ಮ. ಆ ಯುದ್ಧಕ್ಕೆ ಹೋದಾಗ ಅವನಿಗೆ ಹತ್ತೊಂಬತ್ತು. ತಿರುಗಿ ಬರಲಿಲ್ಲ. ಕಾಣೆಯಾಗಿದ್ದಾನೆ ಎಂದು ಹೇಳಲು ಬಂದ ಇಬ್ಬರು ಅಧಿಕಾರಿಗಳಿಗೆ ಅಮ್ಮ ಮಾಟೆ ಕಷಾಯ ಕುಡಿಸಿ, "ಕಾಣೆಯಾದೋನು ಕಾಣಿಸ್ಕೋತಾನೆ, ನೀವು ಹೊರಡಿ" ಎಂದು ಕಳಿಸಿಬಿಟ್ಟಳು. ಅಂದಿನಿಂದ ಅವನ ಫೋಟೊಗೆ ಒಂದು ಮೊಂಬತ್ತಿ ಹಚ್ಚಲು ನನ್ನನ್ನು ಬಿಟ್ಟಿಲ್ಲ.

ಎಲ್ಲರೂ ಚಿಪಾ ಹಿಟ್ಟಿಗೆ ಹಾಲು ಹಾಕಿ ನಾದುತ್ತಾರೆ. ಅಮ್ಮ ಹುಳಿಕಿತ್ತಳೆಯ ರಸ ಹಾಕುತ್ತಾಳಂತೆ. ಹಾಕುತ್ತಾಳಂತೆ ಎನ್ನುವುದೇಕೆಂದರೆ ಇಷ್ಟು ವರ್ಷ ನನಗೂ ಅದು ಗೊತ್ತಿರಲಿಲ್ಲ. "ನೀನು ಮದುವೆಯಾಗಿ ಹೋದ್ರೆ ಗುಟ್ಟೂ ನಿನ್ ಜೊತೆ ಹೋಗುತ್ತೆ" ಎನ್ನುತ್ತಿದ್ದಳು. ನನಗೆ ಮದುವೆಯೂ ಆಗಲಿಲ್ಲ, ಗುಟ್ಟೂ ಸಿಗಲಿಲ್ಲ. ಅಡುಗೆಮನೆಯ ಬಾಗಿಲು ಹಾಕಿಕೊಂಡು ಹಣ್ಣು ಹಿಂಡಿ ಕೊಡುತ್ತಿದ್ದವನು ಚೆತೊ ಒಬ್ಬನೇ. ನಿಮ್ಮ ಚಿಪಾದಲ್ಲಿ ಆ ರಸ ಇದೆಯಂತೆ. "ಗುಂಡಿನ ಸದ್ದಿಗೆ ಅವನ ತಲೆಗೆ ಮರೆವು ಬಡಿದಿರುತ್ತೆ, ಕೈಗೆ ಮರೆವು ಬರಲ್ಲ" ಎಂದು ಅಮ್ಮ ಚೀಲ ಕಟ್ಟಿಕೊಂಡು ಕೂತಿದ್ದಾಳೆ. ರೊಸಾರಿಯೊಗೆ ಬರುತ್ತಾಳಂತೆ, ನಿಮ್ಮ ಕಾರ್ಖಾನೆಯ ಒಲೆಗಳ ಮುಂದೆ ನಿಂತು ಒಬ್ಬೊಬ್ಬರನ್ನೇ ನೋಡುತ್ತಾಳಂತೆ. ಎಪ್ಪತ್ತೆಂಟು ವರ್ಷದವಳು.

ದಯವಿಟ್ಟು ಒಂದು ಸಾಲು ಬರೆಯಿರಿ. ಆ ಪಾಕ ನಿಮಗೆ ಎಲ್ಲಿಂದ ಬಂತು ಎಂದು. ಓದಿ ಹೇಳಿ ಅವಳ ಚೀಲ ಬಿಚ್ಚಿಸುತ್ತೇನೆ.

ಎರ್ಮೆಲಿಂದಾ ಒಹೇದಾ


ರೊಸಾರಿಯೊ
30 ನವೆಂಬರ್ 2006

ಶ್ರೀಮತಿ ಎರ್ಮೆಲಿಂದಾ ಒಹೇದಾ ಅವರಿಗೆ,

ನಿಮ್ಮ ಪತ್ರ ತಲುಪಿತು. ನಮ್ಮ ಕಚೇರಿಯಿಂದ ನಿಮಗಾದ ತೊಂದರೆಗೆ ವಿಷಾದಿಸುತ್ತೇನೆ.

ನಮ್ಮ ಸಂಸ್ಥೆಯ ಚಿಪಾ ಪಾಕವು ಚಾಕೊ ಪ್ರಾಂತ್ಯದ ನನ್ನ ಅಜ್ಜಿಯದು. ಆ ಕಡೆ ಹುಳಿಕಿತ್ತಳೆ ಬಳಸುವುದು ವಾಡಿಕೆ. ನಿಮ್ಮ ಸೋದರ ನಮ್ಮಲ್ಲಿ ಕೆಲಸ ಮಾಡುತ್ತಿಲ್ಲ. ಯುದ್ಧದಲ್ಲಿ ನಾನು ಬೇರೆ ತುಕಡಿಯಲ್ಲಿದ್ದ ಕಾರಣ ಅವರ ಪರಿಚಯ ನನಗಾಗಲಿಲ್ಲ. ನಿಮ್ಮ ಕುಟುಂಬದ ನೋವಿನಲ್ಲಿ ನಾನೂ ಭಾಗಿ.

ಸನ್ಮಾನವನ್ನು ಒಪ್ಪದಿರಲು ಕೆಲಸದ ಒತ್ತಡವೇ ಕಾರಣ, ಊರಿನ ಬಗ್ಗೆ ಅನಾದರವಲ್ಲ.

ಈ ಪತ್ರವನ್ನು ತಾಯಿಯವರ ಬಲಗಡೆ ಕೂತು ಓದಿ. ಎಡಗಿವಿಗೆ ಕೇಳಿಸದೆ ಮತ್ತೇನಾದರೂ ಊಹಿಸಿಕೊಂಡಾರು.

ತಮ್ಮ ವಿಶ್ವಾಸಿ,
ರುದೆಸಿಂದೊ ಅಕ್ವಿನೊ


ಲೋಮಾ ತಿಂಬೊ
9 ಡಿಸೆಂಬರ್ 2006

ಅಕ್ವಿನೊ ಅವರೇ,

ಮೊದಲನೆಯದಾಗಿ, ನಾನು ಶ್ರೀಮತಿ ಅಲ್ಲ ಎಂದು ಮೊದಲ ಪತ್ರದಲ್ಲೇ ಬರೆದಿದ್ದೆ. ನೀವು ಸರಿಯಾಗಿ ಓದಿಲ್ಲ. ನಾನು ನಿಮ್ಮದನ್ನು ಸರಿಯಾಗಿ ಓದಿದ್ದೇನೆ.

ಅಮ್ಮನಿಗೆ ಎಡಗಿವಿ ಕೇಳಿಸುವುದಿಲ್ಲ ಎಂದು ನಿಮಗೆ ಹೇಳಿದವರು ಯಾರು? ನಾನಂತೂ ಅಲ್ಲ. ಕಣ್ಣು ಮಂಜಾಗಿದೆ ಎಂದೆ, ಕಿವಿಯ ಮಾತೆತ್ತಲಿಲ್ಲ. ನಿಮ್ಮ ಚಾಕೊ ಅಜ್ಜಿ ಹೇಳಿದರೇ?

ಪತ್ರವನ್ನು ಅಮ್ಮನಿಗೆ ಓದಿದೆ, ಆ ಕೊನೆಯ ಸಾಲು ಬಿಟ್ಟು. ಅವಳು "ಚಾಕೊದ ಮುದುಕಿಯಂತೆ! ಅಲ್ಲಿಯೋರಿಗೆ ಚಿಪಾ ಬೇಯ್ಸೋಕೇ ಬರಲ್ಲ" ಎಂದಳು. ಆದರೂ ಚೀಲ ಬಿಚ್ಚಿದಳು. ಬಿಚ್ಚಿ ಒಂದೊಂದೇ ಬಟ್ಟೆ ತೆಗೆದಿಡುವಾಗ ಅವಳ ಮುಖ ನೋಡಲಾರದೆ ಹೊಲಿಗೆ ಯಂತ್ರದ ಮುಂದೆ ಹೋಗಿ ಕೂತೆ. ಆ ಚೀಲ ಕಟ್ಟಿಕೊಂಡಿದ್ದಷ್ಟು ದಿನ ಅವಳು ಹಾಡು ಗುನುಗುತ್ತಿದ್ದಳು.

ನೀವು ಅವನ ಜೊತೆಗಿದ್ದಿರಿ. ಇಲ್ಲ ಎನ್ನಬೇಡಿ. ಬದುಕಿದ್ದಾನೋ ಸತ್ತಿದ್ದಾನೋ, ಎಲ್ಲಿ, ಹೇಗೆ? ನನಗೀಗ ನಲವತ್ತೊಂಬತ್ತು. ಕಾಯುವ ಮನೆಯಲ್ಲಿ ಕಾಯುವವಳ ಜೊತೆ ಬದುಕಿ ನನಗೆ ಸಾಕಾಗಿದೆ. ಬಾಗಿಲು ಸದ್ದಾದರೆ ಅಮ್ಮ ತಿರುಗಿ ನೋಡುತ್ತಾಳೆ, ಬಂದವಳು ನಾನು ಎಂದು ತಿಳಿದು ಮುಖ ಇಳಿಸಿಕೊಳ್ಳುತ್ತಾಳೆ. ಇದು ಒಂದು ದಿನದ ಮಾತಲ್ಲ.

ಇನ್ನೊಂದು ವಿಷಯ ಕೇಳಿಬಿಡುತ್ತೇನೆ. ಎಂಬತ್ತೆರಡರ ಮೇ ತಿಂಗಳಲ್ಲಿ ಊರಿನವರೆಲ್ಲ ಸೈನಿಕರಿಗೆ ಲಾರಿ ತುಂಬ ಸಾಮಾನು ಕಳಿಸಿದರು. ಅಮ್ಮ ಒಂದು ಗಂಟು ಕಟ್ಟಿದಳು, ಚಿಪಾದ ಗಂಟು. ಹಿಂದಿನ ದಿನವೆಲ್ಲ ಒಲೆಯ ಮುಂದೆ ಕೂತು ಬೇಯಿಸಿದ್ದು. ಅದು ಅವನ ಕೈ ಸೇರಿತೇ? ಅಮ್ಮ ಬದುಕಿರುವುದೇ ಈ ಒಂದು ಪ್ರಶ್ನೆಯ ಮೇಲೆ. ಊಟಕ್ಕೆ ಕೂತಾಗಲೆಲ್ಲ, "ತಲುಪಿರ್ಬೇಕು ಅಲ್ವೇನೇ? ತಿಂದಿರ್ಬೇಕು" ಎನ್ನುತ್ತಾಳೆ. ನಾನು ಹ್ಞೂಂ ಎನ್ನುತ್ತೇನೆ.

ಈ ಸಲ ಟೈಪ್ ಮಾಡಿದ ಪತ್ರ ಕಳಿಸಬೇಡಿ.

ಎರ್ಮೆಲಿಂದಾ


ರೊಸಾರಿಯೊ
14 ಜನವರಿ 2007

ಎರ್ಮೆಲಿಂದಾ ಅವರೇ,

ಉತ್ತರ ತಡವಾಯಿತು. ಬರೆದು ಹರಿದೆ, ಹರಿದು ಬರೆದೆ. ಕೈಬರಹ ಕೆಟ್ಟದಾಗಿದೆ, ಚಳಿಗೆ ಸೊಟ್ಟಗಾದ ಎರಡು ಬೆರಳು ಹಾಗೇ ಉಳಿದಿವೆ.

ನಿಮ್ಮ ತಮ್ಮ ತೀರಿಕೊಂಡ. ಇದನ್ನು ಮೊದಲು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಬರೆಯಲಾರೆ. ಜೂನ್ ತಿಂಗಳ ಮೊದಲಲ್ಲಿ, ಒಂದು ಗುಡ್ಡದ ಪಕ್ಕ. ನಾವಿಬ್ಬರೂ ಕಾವಲಿಗೆ ಅಗೆದ ಒಂದೇ ಗುಂಡಿಯಲ್ಲಿದ್ದೆವು. ಅವನ ಮೇಲೆ ಕಲ್ಲು ಪೇರಿಸಿ ಮುಚ್ಚಿದವನು ನಾನು. ಆಮೇಲೆ ನಮ್ಮನ್ನು ಸೆರೆ ಹಿಡಿದರು. ಆ ಜಾಗ ಯಾವುದೆಂದು ಯಾರೂ ನನ್ನನ್ನು ಕೇಳಲಿಲ್ಲ, ಬಿಡುಗಡೆಯಾದ ಮೇಲೆ ನಮ್ಮ ಅಧಿಕಾರಿಗಳೇ ಬಾಯಿ ಮುಚ್ಚಿಕೊಂಡಿರಲು ಹೇಳಿದರು.

ಗುಂಡು ತಾಗಿತು. ಎದೆಗೆ. ನರಳಲಿಲ್ಲ, ಒಂದೇ ಕ್ಷಣ. ಇದರ ಬಗ್ಗೆ ಇನ್ನು ಕೇಳಬೇಡಿ.

ಅಜ್ಜಿಯ ಕಥೆ ಸುಳ್ಳು. ಆ ಪಾಕ ಚೆತೊನದು, ಅಂದರೆ ನಿಮ್ಮ ಅಮ್ಮನದು. ಗುಂಡಿಯಲ್ಲಿ ಹೊತ್ತು ಹೋಗಲೆಂದು ಅವನು ಅದನ್ನು ಹೇಳುತ್ತಿದ್ದ. ಅಮ್ಮನ ಕಿವಿ, ನಿಮ್ಮ ಜಗಳಗಂಟತನ, ಎಲ್ಲ ಹೇಳುತ್ತಿದ್ದ. ಊರಿಗೆ ಮರಳಿದ ಮೇಲೆ ನನಗೆ ಯಾರೂ ಕೆಲಸ ಕೊಡಲಿಲ್ಲ. ಯುದ್ಧದಿಂದ ಬಂದವನು ಎಂದರೆ ತಲೆ ಕೆಟ್ಟವನು ಎಂದೇ ಲೆಕ್ಕ. ಹಳೆಯ ಸೈನಿಕ ಸಮವಸ್ತ್ರ ಹಾಕಿಕೊಂಡು ರೈಲಿನಲ್ಲಿ ಪೆನ್ನು ಮಾರಿದೆ. ಜನ ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದರು. ಒಂದು ದಿನ ಪೆನ್ನಿನ ಪೆಟ್ಟಿಗೆ ಬಿಸಾಡಿ, ಚೆತೊ ಹೇಳಿದ ಹಾಗೇ ಹಿಟ್ಟು ನಾದಿ, ರೊಸಾರಿಯೊ ಬಸ್‌ಸ್ಟ್ಯಾಂಡಿನಲ್ಲಿ ಬುಟ್ಟಿ ಇಟ್ಟುಕೊಂಡು ಕೂತೆ. ಮುಂದಿನದು ಪತ್ರಿಕೆಗಳಲ್ಲಿ ಬಂದಿದೆ. ಹುಳಿಕಿತ್ತಳೆಯ ವಿಷಯ ಮಾತ್ರ ಯಾವ ಸಂದರ್ಶನದಲ್ಲೂ ಹೇಳಿಲ್ಲ.

ಕಾರ್ಖಾನೆಯನ್ನು ನಿಮ್ಮೂರಲ್ಲಿ ಹಾಕಿದ್ದು ಅವನಿಗಾಗಿ. ಬರದೇ ಇದ್ದದ್ದು ನಿಮ್ಮ ಅಮ್ಮನಿಗೆ ಹೆದರಿ. ಅವರು ನನ್ನ ಮುಖ ನೋಡಿ, "ನೀನು ಬಂದೆ, ಅವನೆಲ್ಲಿ?" ಎಂದರೆ ನಾನೇನು ಹೇಳಲಿ? ಅವನು ಹುಟ್ಟಿದ ಊರಿನಲ್ಲಿ ನನ್ನ ಎದೆಗೆ ಪದಕ ಚುಚ್ಚುವುದು ಯಾವ ನ್ಯಾಯ?

ಗಂಟಿನ ವಿಷಯ ನನಗೆ ಗೊತ್ತಿಲ್ಲ. ಅಮ್ಮನಿಗೆ ಏನೂ ಹೇಳಬೇಡಿ. ಬೇಡಿಕೊಳ್ಳುತ್ತೇನೆ.

ರುದೆಸಿಂದೊ


ಲೋಮಾ ತಿಂಬೊ
18 ಫೆಬ್ರವರಿ 2007

ದೋನ್ ರುದೆಸಿಂದೊ,

ನಿಮ್ಮ ಪತ್ರ ಓದಿ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಅತ್ತೆ. ಸತ್ತಿದ್ದಾನೆ ಎಂದು ನನಗೆ ಗೊತ್ತಿತ್ತು, ಎಂದೋ ಗೊತ್ತಿತ್ತು. ಆದರೂ ಅಕ್ಷರದಲ್ಲಿ ನೋಡುವುದು ಬೇರೆ. ಅವನನ್ನು ಮುಚ್ಚಲು ಒಬ್ಬನಾದರೂ ಇದ್ದನಲ್ಲ. ಅದಕ್ಕೆ ನಿಮಗೆ ಕೈ ಮುಗಿಯುತ್ತೇನೆ. ನರಳಲಿಲ್ಲ ಎಂದಿರಿ, ಅದೊಂದು ಮಾತನ್ನು ಹಿಡಿದುಕೊಂಡು ನಿದ್ದೆ ಮಾಡುತ್ತಿದ್ದೇನೆ.

ನನ್ನನ್ನು ಜಗಳಗಂಟಿ ಎಂದನೇ? ಅವನು ನನ್ನ ಹೊಸ ಚಪ್ಪಲಿಯನ್ನು ನದಿಯಲ್ಲಿ ದೋಣಿ ಮಾಡಿ ಬಿಟ್ಟದ್ದನ್ನು ನಿಮಗೆ ಹೇಳಿರಲಾರ.

ಈಗ ಒಂದು ಕಷ್ಟ ಬಂದಿದೆ. ನೀವು ಚೆತೊ ಇದ್ದ ತುಕಡಿಯವರೇ ಎಂದು ಮೇಯರ್ ಅಮ್ಮನಿಗೆ ಹೇಳಿಬಿಟ್ಟಿದ್ದಾರೆ. ಅವಳು ಹಿಡಿದ ಪಟ್ಟು ಬಿಡುತ್ತಿಲ್ಲ. "ಆ ಮನುಷ್ಯ ಬರ್ಲಿ. ನಾನು ಒಂದೇ ಮಾತು ಕೇಳ್ತೀನಿ" ಎನ್ನುತ್ತಾಳೆ. ಯಾವ ಮಾತು ಎಂದರೆ ನಿಮಗೆ ಗೊತ್ತಿದೆ. ಬದುಕಿದ್ದಾನಾ ಎಂದು ಕೇಳುವುದಿಲ್ಲ, ಅವಳ ಲೆಕ್ಕದಲ್ಲಿ ಅದು ಕೇಳುವ ವಿಷಯವೇ ಅಲ್ಲ. ಗಂಟು ತಲುಪಿತ್ತಾ, ತಿಂದನಾ, ಅಷ್ಟೇ. ಬರುವ ಜೂನಿನ ಚಳಿಗಾಲ ದಾಟುತ್ತಾಳೆ ಎಂಬ ಭರವಸೆ ಡಾಕ್ಟರಿಗಿಲ್ಲ. ಹೃದಯ ಸೋತಿದೆ.

ದೋನ್ ರುದೆಸಿಂದೊ, ನೀವು ಬನ್ನಿ. ಪದಕ ತೆಗೆದುಕೊಳ್ಳಿ, ಆಮೇಲೆ ಬೇಕಾದರೆ ಪರಾನಾ ನದಿಗೆ ಎಸೆಯಿರಿ. ಆದರೆ ಅವಳು ಕೇಳಿದಾಗ ಗಂಟು ತಲುಪಿತ್ತು ಎಂದು ಹೇಳಿ. ತಲುಪಿತೋ ಇಲ್ಲವೋ ನನಗೆ ಬೇಡ. ಹೊಟ್ಟೆ ತುಂಬ ತಿಂದ ಎಂದು ಹೇಳಿ. ಜೀವಮಾನವಿಡೀ ಊರವರ ಹೊಟ್ಟೆ ತುಂಬಿಸಿದವಳು ತನ್ನ ಮಗ ಹಸಿದಿದ್ದ ಎಂದು ತಿಳಿದು ಸಾಯಬಾರದು. ಪಾಪ ಬಂದರೆ ನನಗೆ ಬರಲಿ, ನಾನೇ ಹೇಳಿಸುತ್ತಿದ್ದೇನೆ.

ಲಿಂದಾ


ರೊಸಾರಿಯೊ
3 ಮಾರ್ಚ್ 2007

ಲಿಂದಾ ಅವರೇ,

ಬರುತ್ತೇನೆ.

ಗಂಟಿನಲ್ಲಿ ಏನೇನಿತ್ತು, ಯಾವ ಬಟ್ಟೆಯಲ್ಲಿ ಕಟ್ಟಿದ್ದರು, ಬರೆದು ಕಳಿಸಿ. ತಪ್ಪು ಹೇಳಿ ಸಿಕ್ಕಿಬೀಳಬಾರದು. ಸಾವಿರ ಜನ ಕೆಲಸಗಾರರ ಮುಂದೆ ನಿಂತು ಮಾತಾಡಿ ಅಭ್ಯಾಸವಿದೆ, ಬ್ಯಾಂಕಿನವರ ಮುಂದೆ, ಮಂತ್ರಿಗಳ ಮುಂದೆ ತಡವರಿಸಿದವನಲ್ಲ. ಈ ಒಂದು ಮಾತನ್ನು ಈಗಿನಿಂದಲೇ ಕನ್ನಡಿಯ ಮುಂದೆ ಹೇಳಿ ನೋಡುತ್ತಿದ್ದೇನೆ.

ರುದೆಸಿಂದೊ


ಲೋಮಾ ತಿಂಬೊ
12 ಮಾರ್ಚ್ 2007

ದೋನ್ ರುದೆಸಿಂದೊ,

ಬರೆದುಕೊಳ್ಳಿ. ಬಟ್ಟೆ ಕೆಂಪು ಚೌಕಳಿಯದು, ನಮ್ಮ ಭಾನುವಾರದ ಮೇಜಿನ ಬಟ್ಟೆ. ಚಿಪಾ ಎಲ್ಲ ಬಳೆಯಾಕಾರದವು, ಒಂದಕ್ಕೊಂದು ದಾರದಲ್ಲಿ ಪೋಣಿಸಿದ್ದವು. ಇತಾತಿ ಮಾತೆಯ ಪುಟ್ಟ ಪದಕ ಒಂದು. ಅಮ್ಮ ಹೆಣೆದ ಉಣ್ಣೆಯ ಕಾಲುಚೀಲ ಒಂದು ಜೊತೆ, ಬೂದು ಬಣ್ಣ, ಮೇಲೆ ಹಸಿರು ಪಟ್ಟಿ. ಚೀಟಿ ಇರಲಿಲ್ಲ, ಅಮ್ಮನಿಗೆ ಬರೆಯಲು ಬರುವುದಿಲ್ಲ, ನನಗೆ ಬರೆದುಕೊಡು ಎಂದು ಅವಳು ಕೇಳಲಿಲ್ಲ.

ಮೇಯರ್ ಭಾಷಣ ಬಹಳ ಉದ್ದ ಇರುತ್ತದೆ. ಹೊಟ್ಟೆಗೆ ಏನಾದರೂ ಹಾಕಿಕೊಂಡು ಬನ್ನಿ. ಅಮ್ಮ ಬಲಗಡೆಯಿಂದ ಮಾತಾಡಿದರೆ ಕೇಳಿಸಿಕೊಳ್ಳುತ್ತಾಳೆ, ನಿಮಗೆ ಹೇಳಬೇಕಾಗಿಲ್ಲ. ನೀವು ಅಳಬಾರದು. ನೀವು ಅತ್ತರೆ ಎಲ್ಲ ಮುಗಿಯಿತು.

ಲಿಂದಾ


ಲೋಮಾ ತಿಂಬೊ
10 ಏಪ್ರಿಲ್ 2007

ರುದೆಸಿಂದೊ,

ದೋನ್ ಗೀನ್ ಎಲ್ಲ ಬಿಟ್ಟೆ. ನೀವು ಆ ದಿನ ಊಟಕ್ಕೂ ನಿಲ್ಲದೆ ಕಾರು ಹತ್ತಿ ಹೋದಿರಿ. ನಿಮಗೆ ಗೊತ್ತಿಲ್ಲದ್ದು ಬಹಳ ಇದೆ, ಸಾವಕಾಶ ಓದಿ.

ನೀವು ಬಹಳ ಚೆನ್ನಾಗಿ ಹೇಳಿದಿರಿ. ನಾನು ಪಕ್ಕದಲ್ಲೇ ಇದ್ದೆನಲ್ಲ. ಎದೆಯ ಮೇಲೆ ಪದಕ, ಹೆಗಲ ಮೇಲೆ ನೀಲಿ ಬಿಳಿ ಪಟ್ಟಿ, ಬ್ಯಾಂಡಿನವರು ಇನ್ನೂ ಊದುತ್ತಿದ್ದಾರೆ, ಅಷ್ಟರಲ್ಲಿ ಅಮ್ಮ ನನ್ನ ತೋಳು ಹಿಡಿದು ವೇದಿಕೆ ಹತ್ತಿಯೇಬಿಟ್ಟಳು. "ಮಗಾ, ನನ್ ಗಂಟು ತಲುಪಿತ್ತಾ?" ಎಂದಳು. ನೀವು ಬಗ್ಗಿ ಅವಳ ಬಲಗಿವಿಯ ಹತ್ತಿರ, "ತಲುಪಿತ್ತಮ್ಮ. ಕೆಂಪು ಚೌಕಳಿ ಬಟ್ಟೇಲಿತ್ತು" ಎಂದಿರಿ. ದಾರದಲ್ಲಿ ಪೋಣಿಸಿದ್ದನ್ನು ಚೆತೊ ಕೊರಳಿಗೆ ಹಾಕಿಕೊಂಡು ಕುಣಿದ ಎಂದಿರಿ. ಗುಂಡಿಯವರಿಗೆಲ್ಲ ಹಂಚಿದ, ತಾನೂ ಹೊಟ್ಟೆ ತುಂಬ ತಿಂದ, ಕಾಲುಚೀಲ ಹಾಕಿಕೊಂಡು "ಈಗ ನಾನು ಜನರಲ್" ಎಂದ ಎಂದಿರಿ. ಅದೆಲ್ಲ ನಾನು ಬರೆದುಕೊಟ್ಟದ್ದಲ್ಲ, ನೀವೇ ಸೇರಿಸಿದ್ದು. ಅಮ್ಮ ನಿಮ್ಮ ಕೆನ್ನೆ ಸವರಿ, "ಒಳ್ಳೇದಾಯ್ತಪ್ಪ. ದೇವ್ರು ನಿನ್ನ ಚೆನ್ನಾಗಿಟ್ಟಿರ್ಲಿ" ಎಂದಳು. ಜನ ಚಪ್ಪಾಳೆ ತಟ್ಟಿದರು. ಗೆದ್ದೆವು ಎಂದುಕೊಂಡೆ. ನಿಜವಾಗಿ ಖುಷಿಪಟ್ಟೆ.

ಮನೆಗೆ ಬಂದೆವು. ಅಮ್ಮ ಶಾಲು ತೆಗೆದು ಕುರ್ಚಿಗೆ ಹಾಕಿ ಕೂತಳು. ಮಾಟೆ ಮಾಡಿಕೊಟ್ಟೆ, ಮುಟ್ಟಲಿಲ್ಲ.

"ಎಷ್ಟು ಒಳ್ಳೆ ಹುಡುಗ ನೋಡೇ" ಎಂದಳು. "ನನಗೋಸ್ಕರ ಎಷ್ಟು ಸುಳ್ಳು ಹೇಳ್ದ."

"ಸುಳ್ಯಾಕೆ ಹೇಳ್ತಾನಮ್ಮ?" ಎಂದೆ.

"ಗಂಟು ವಾಪಸ್ ಬಂದಿತ್ತು ಲಿಂದಾ."

ಅದೇ ವರ್ಷ ಆಗಸ್ಟಿನಲ್ಲಿ ಬಂದಿತ್ತಂತೆ. ನಾನು ಹೊಲಿಗೆ ಕಲಿಯಲು ಪಟ್ಟಣಕ್ಕೆ ಹೋಗಿದ್ದಾಗ. ಕಟ್ಟಿದ ಗಂಟು ಕಟ್ಟಿದ ಹಾಗೇ ಇತ್ತಂತೆ. ಮೇಲೆ ಚೀಟಿ ಅಂಟಿಸಿದ್ದರು, ಅಂಚೆಯವನೇ ಓದಿ ಹೇಳಿದ: ವಿಳಾಸದಾರರು ಸಿಗಲಿಲ್ಲ. ಅಮ್ಮ ಅದನ್ನು ಹಿಡಿದುಕೊಂಡೇ ಇಷ್ಟು ವರ್ಷ ಬದುಕಿದಳು. "ಸತ್ತಿದ್ರೆ ಸತ್ತ ಅಂತ ಬರೀತಿದ್ರು. ಸಿಗ್ಲಿಲ್ಲ ಅಂತ ತಾನೇ ಬರೆದಿದ್ರು? ಅಲ್ಲಿಲ್ಲ ಅಂದ್ರೆ ಬೇರೆ ಎಲ್ಲೋ ಇದಾನೆ ಅಂದ್ಕೊಂಡೆ" ಎಂದಳು. ಕಲ್ಲಾಗಿದ್ದ ಚಿಪಾಗಳನ್ನು ಹಿತ್ತಿಲಲ್ಲಿ ಹೂತಿದ್ದಾಳೆ. ನನಗೆ ಒಂದು ಮಾತು ಹೇಳಲಿಲ್ಲ, ಊಟಕ್ಕೆ ಕೂತಾಗ ತಲುಪಿರ್ಬೇಕು ಎನ್ನುತ್ತಿದ್ದದ್ದು ನಾನು ಎದೆಗುಂದದಿರಲಿ ಎಂದಂತೆ.

"ಕಾಲುಚೀಲ?" ಎಂದೆ, ಏನು ಕೇಳಬೇಕೋ ತಿಳಿಯದೆ.

"ನೀನೇ ಹಾಕ್ಕೊಂಡು ಸವೆಸಿದ್ಯಲ್ಲೇ. ಹಸಿರು ಪಟ್ಟಿ ಬಿಚ್ಚಿ, ಹೊಸದಾಗಿ ಹೆಣೆದೆ ಅಂತ ಕೊಟ್ಟಿದ್ದೆ."

ನೆನಪಾಯಿತು. ಅಮ್ಮ ನನಗಾಗಿ ಏನಾದರೂ ಹೆಣೆದದ್ದು ಅದೊಂದೇ ಎಂದು ಊರೆಲ್ಲ ತೋರಿಸಿಕೊಂಡು ತಿರುಗಿದ್ದೆ.

ಮತ್ತೆ ನಿಮ್ಮನ್ನು ಯಾಕೆ ಕೇಳಿದಳು ಎಂದು ನಿಮಗೂ ಅನ್ನಿಸಬಹುದು. ನಾನೂ ಕೇಳಿದೆ. "ಗಂಟು ಗೊತ್ತಿಲ್ಲಮ್ಮ, ಬರ್ಲಿಲ್ಲಮ್ಮ ಅಂದಿದ್ರೆ, ಪಾಪ ಈ ಮನುಷ್ಯನಿಗೆ ನನ್ ಮಗನ ವಿಷಯ ಏನೂ ಗೊತ್ತಿಲ್ಲ ಅಂದ್ಕೋತಿದ್ದೆ. ಇನ್ನೂ ಸ್ವಲ್ಪ ದಿನ ಕಾಯ್ತಿದ್ದೆ. ಅವನು ತಲುಪಿತ್ತು ಅಂದ. ಕುಣಿದ ಅಂದ. ನನ್ ಮಗ ಉಂಡು ಸತ್ತಿದ್ರೆ ಅವನು ಇಷ್ಟು ಸುಳ್ಳು ಕಟ್ಟಬೇಕಿತ್ತಾ?"

ಆಮೇಲೆ, "ಹಸ್ಕೊಂಡೇ ಹೋದ" ಎಂದಳು. ಅಷ್ಟೇ. ಅಳಲಿಲ್ಲ. ನಾನು ಅತ್ತೆ, ನನ್ನ ಬೆನ್ನು ಸವರಿದಳು.

ರುದೆಸಿಂದೊ, ತಪ್ಪು ನನ್ನದು, ನಿಮ್ಮದಲ್ಲ. ಹೇಳಿಸಿದವಳು ನಾನು. ಅವಳು ಸಾಯುವ ತನಕ ಬದುಕಿರಬೇಕಾಗಿದ್ದ ಮಗನನ್ನು ನಾವಿಬ್ಬರೂ ಸೇರಿ, ಪ್ರೀತಿಯಿಂದಲೇ, ಕೊಂದುಬಿಟ್ಟೆವು.

ಭಾನುವಾರ ಅವಳೇ ಹೇಳಿ ಫೋಟೊ ಇಳಿಸಿ ಮೊಂಬತ್ತಿ ಹಚ್ಚಿಸಿದಳು. ಅಂದಿನಿಂದ ಹಾಸಿಗೆಯಲ್ಲೇ ಇದ್ದಾಳೆ. ಪಾದ್ರಿಗಳು ಬಂದು ಹೋದರು. ಇದನ್ನು ಬರೆಯುತ್ತಿರುವುದು ಅವಳ ಪಕ್ಕದಲ್ಲಿ ಕೂತು. "ಇನ್ನು ಅವನನ್ನ ಸತಾಯಿಸ್ಬೇಡ, ನಿಜ ಬರೀ ಅನ್ನು. ಏನೇ ಇದ್ರೂ ನಾನು ಹೆತ್ತೋಳು, ತಡ್ಕೋತೀನಿ" ಎನ್ನುತ್ತಿದ್ದಾಳೆ. ಬೇಗ ಬರೆಯಿರಿ.

ಲಿಂದಾ


ರೊಸಾರಿಯೊ
14 ಏಪ್ರಿಲ್ 2007

ಲಿಂದಕ್ಕ,

ಅವನು ನಿಮ್ಮನ್ನು ಹಾಗೆಯೇ ಕರೆಯುತ್ತಿದ್ದ. ನನಗೂ ಬೇರೆ ಹೇಗೆ ಕರೆಯುವುದೋ ತಿಳಿಯುತ್ತಿಲ್ಲ. ಈ ಪತ್ರವನ್ನು ನಮ್ಮ ಕಂಪನಿಯ ಲಾರಿಯವನ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ, ಅಂಚೆಯನ್ನು ನಂಬುವುದಿಲ್ಲ. ಅಮ್ಮನಿಗೆ ಓದಿ ಹೇಳಿ.

ಗುಂಡು ತಾಗಲಿಲ್ಲ. ಅದೂ ಸುಳ್ಳು. ಅಮ್ಮ ಹೇಳಿದ್ದೇ ನಿಜ.

ನಮ್ಮ ಗುಡ್ಡಕ್ಕೆ ಊಟ ಬರುವುದು ನಿಂತುಹೋಗಿತ್ತು. ಗುಂಡಿಯಲ್ಲಿ ಮೊಣಕಾಲುದ್ದ ನೀರು. ನಾವು ಬಿಸಿಲು ನಾಡಿನ ಹುಡುಗರು, ಹಿಮ ಹೇಗಿರುತ್ತದೆಂದು ಕಂಡವರಲ್ಲ. ಹೊಟ್ಟೆ ಹಸಿದಾಗ ಒಬ್ಬೊಬ್ಬರು ತಮ್ಮ ತಮ್ಮ ಮನೆಯ ಅಡುಗೆ ಹೇಳುತ್ತಿದ್ದೆವು. ಚೆತೊ ಚಿಪಾ ಬಿಟ್ಟರೆ ಬೇರೆ ಹೇಳುತ್ತಿರಲಿಲ್ಲ. ಹಿಟ್ಟು ಇಷ್ಟು, ಗಿಣ್ಣು ಇಷ್ಟು, ಹಂದಿಕೊಬ್ಬು, ಸೋಂಪು, ಕೊನೆಗೆ ಹುಳಿಕಿತ್ತಳೆ. "ಯಾರಿಗೂ ಹೇಳ್ಬೇಡ್ರೋ, ಅಮ್ಮ ಸಾಯಿಸ್ಬಿಡ್ತಾಳೆ" ಎನ್ನುತ್ತಿದ್ದ. ನಮ್ಮಲ್ಲಿ ಯಾರಾದರೂ "ಹಾಲು ಹಾಕಿದ್ರೆ ಏನಾಗುತ್ತೋ?" ಎಂದರೆ ಸಾಕು, ಜಗಳಕ್ಕೇ ಬರುತ್ತಿದ್ದ. ನಮಗೆ ಅದೇ ಬೇಕಿತ್ತು, ಬೇಕೆಂದೇ ಕೆಣಕುತ್ತಿದ್ದೆವು.

ಜೂನ್ ಚಳಿಗಾಲ ಶುರುವಾಗುವ ಹೊತ್ತಿಗೆ ಅವನಿಗೆ ಕಾಲು ಊದಿ ನಿಲ್ಲಲಾಗುತ್ತಿರಲಿಲ್ಲ. ಒಂದು ಸಂಜೆ ಹಿಮ ಬೀಳಲು ಶುರುವಾಯಿತು. ಗುಂಡಿಯ ಅಂಚಿಗೆ ಕೂತವನು ಕೈಗವಸು ಬಿಚ್ಚಿದ. "ಬೇಡ ಕಣೋ, ಬೆರಳು ಹೋಗುತ್ತೆ" ಎಂದೆ. ಅವನಿಗೆ ಕೇಳಿಸಲಿಲ್ಲ, ಅಥವಾ ಕೇಳಿಸಿತೋ ಏನೋ. ಹಿಮ ತೆಗೆದುಕೊಂಡು ನಾದತೊಡಗಿದ. ನಾನು ಅಷ್ಟು ಚೆನ್ನಾಗಿ ನಾದುವುದನ್ನು ಈಗ ನನ್ನ ಕಾರ್ಖಾನೆಯಲ್ಲೂ ಕಂಡಿಲ್ಲ. ನಾದಿ, ಹೊಸೆದು, ಎರಡು ತುದಿ ಸೇರಿಸಿ ಬಳೆ ಮಾಡಿ ಮದ್ದಿನ ಪೆಟ್ಟಿಗೆಯ ಮುಚ್ಚಳದ ಮೇಲೆ ಸಾಲಾಗಿಟ್ಟ. ನಾನು ಒಂದಕ್ಕೆ ಕೈ ಹಾಕಿದರೆ, "ತಾಳೋ, ಆರಲಿ. ಬಾಯಿ ಸುಡುತ್ತೆ" ಎಂದ. ಯಾರೂ ನಗಲಿಲ್ಲ. ಆಮೇಲೆ ಎಲ್ಲರಿಗೂ ಹಂಚಿದ. ನಾವು ತಿಂದೆವು ಲಿಂದಕ್ಕ. ಪ್ರಮಾಣವಾಗಿ ತಿಂದೆವು. ನನಗೆ ಹುಳಿ ಹತ್ತಿತು ಎಂದರೆ ನಂಬುತ್ತೀರಾ? ಕಂಪನಿ ಶುರು ಮಾಡಿದ ಮೇಲೆ ಆ ರುಚಿ ಬರಲೆಂದು ಎಷ್ಟು ಹಿಟ್ಟು ಕೆಡಿಸಿದೆನೋ.

ಅವನೂ ಒಂದು ತಿಂದ. "ಅಮ್ಮ ಮಾಡ್ದಂಗೇ ಬಂದಿದೆ" ಎಂದ. ಇದನ್ನು ಅಮ್ಮನಿಗೆ ಗಟ್ಟಿಯಾಗಿ ಹೇಳಿ. ಇದು ಸುಳ್ಳಲ್ಲ. ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟಿದ್ದ. ನನ್ನ ತೋಳಿನ ಮೇಲೆ ತಲೆಯಿತ್ತು. ಮುಖದಲ್ಲಿ ಸಂಕಟವಿರಲಿಲ್ಲ.

ಮುಚ್ಚಳದ ಮೇಲೆ ಒಂದು ಬಳೆ ಉಳಿದಿತ್ತು. ಬೇರೆಯವಕ್ಕಿಂತ ದೊಡ್ಡದು, ಎಲ್ಲರಿಗೂ ಹಂಚುವಾಗ ಅವನೇ ಪಕ್ಕಕ್ಕೆ ತೆಗೆದಿಟ್ಟದ್ದು. ಹಿಂದಿನ ಸಂಜೆ ನಾನು ಕೇಳಿದ್ದೆ, "ಅದ್ಯಾರಿಗೋ, ಕಳ್ಳ, ನಿನಗಾ?"

"ಅಲ್ವೋ, ಲಿಂದಕ್ಕಂಗೆ" ಎಂದಿದ್ದ. "ಅವಳಿಗೆ ಯಾವತ್ತೂ ಯಾರೂ ತೆಗ್ದಿಡಲ್ಲ."

ರುದೆಸಿಂದೊ